ತಳ್ಳಿದತ್ತ ಹೋಗದ ಕಣಗಳು



ಚೆಂಡನ್ನು ಪೂರ್ವಕ್ಕೆ ತಳ್ಳಿದರೆ ಅದು ಪೂರ್ವಕ್ಕೆ ಉರುಳುತ್ತದೆ. ಇದನ್ನು ತಿಳಿಯಲು ಭೌತಶಾಸ್ತ್ರ ಓದಬೇಕಿಲ್ಲ. ಆದರೆ ನಮ್ಮ ನೆತ್ತಿಯ ಮೇಲೆ, ನೂರು ಕಿಲೋಮೀಟರ್ ದಾಟಿದ ಎತ್ತರದಲ್ಲಿ, ಈ ಲೆಕ್ಕ ನಡೆಯುವುದಿಲ್ಲ. ಅಲ್ಲಿ ಪೂರ್ವಕ್ಕೆ ತಳ್ಳಿಸಿಕೊಂಡ ಕಣ ಮೇಲಕ್ಕೆ ಏರುತ್ತದೆ. ಕೆಳಕ್ಕೆ ಎಳೆಸಿಕೊಂಡದ್ದು ಪಕ್ಕಕ್ಕೆ ಸರಿಯುತ್ತದೆ. ಈ ವಿಚಿತ್ರ ನಡೆ ಭೂಮಿಯಲ್ಲಿ ಅತ್ಯಂತ ಚೆನ್ನಾಗಿ ಕಾಣಸಿಗುವ ಜಾಗಗಳಲ್ಲಿ ಒಂದು ದಕ್ಷಿಣ ಭಾರತದ ಆಕಾಶ. ಇವತ್ತಿನ ಮಾತು ಅದರ ಬಗ್ಗೆ.

ಮೊದಲು ಈ ಕಣಗಳು ಯಾವುವು ಅನ್ನುವುದನ್ನು ನೋಡೋಣ. ಸೂರ್ಯನಿಂದ ಬೆಳಕಿನ ಜೊತೆಗೆ ಅತಿನೇರಳೆ ಕಿರಣಗಳೂ ಕ್ಷಕಿರಣಗಳೂ ಬರುತ್ತವೆ. ಅವು ಮೇಲಿನ ತೆಳುಗಾಳಿಯ ಅಣು ಪರಮಾಣುಗಳಿಗೆ ಬಡಿದು ಎಲೆಕ್ಟ್ರಾನುಗಳನ್ನು ಕಿತ್ತು ಹಾಕುತ್ತವೆ. ಕಿತ್ತುಬಂದ ಎಲೆಕ್ಟ್ರಾನು ಋಣ ಕಣ. ಅದನ್ನು ಕಳೆದುಕೊಂಡು ಉಳಿದದ್ದು ಧನ ಅಯಾನು. ಸುಮಾರು 60 ಕಿಲೋಮೀಟರಿನಿಂದ ಸಾವಿರ ಕಿಲೋಮೀಟರಿನವರೆಗೆ ಹರಡಿರುವ ಈ ಪ್ರದೇಶಕ್ಕೆ ಅಯಾನುಗೋಳ ಎಂದು ಹೆಸರು.

ಇಲ್ಲಿ ಇರುವುದೆಲ್ಲ ವಿದ್ಯುತ್ ಕಣಗಳೇ ಎಂದು ಭಾವಿಸಬೇಡಿ. ನೂರು ಕಿಲೋಮೀಟರ್ ಎತ್ತರದಲ್ಲಿ ಹತ್ತು ಕೋಟಿ ಸಾಮಾನ್ಯ ಕಣಗಳ ನಡುವೆ ಒಂದೇ ಒಂದು ಅಯಾನು. ಮುನ್ನೂರು ಕಿಲೋಮೀಟರಿಗೆ ಹೋದರೆ, ಹಗಲಿನಲ್ಲಿ, ಸಾವಿರಕ್ಕೆ ಒಂದು. ಅಂದರೆ ಇವು ಎಲ್ಲೆಲ್ಲೂ ಅಲ್ಪಸಂಖ್ಯಾತರು. ಸುತ್ತಲಿನ ಗಾಳಿ ಒಂದು ಕಡೆಗೆ ಬೀಸುತ್ತಿರುತ್ತದೆ, ಇವು ಇನ್ನೊಂದು ಕಡೆಗೆ ಹೊರಟಿರುತ್ತವೆ.

ಶಾಲೆಯ ಪುಸ್ತಕಗಳು ಅಯಾನುಗೋಳವನ್ನು ಡಿ, ಇ, ಎಫ್ ಎಂಬ ಪದರಗಳಾಗಿ ಚಿತ್ರ ಬರೆದು ತೋರಿಸುತ್ತವೆ. ನನಗೆ ಆ ಚಿತ್ರದ ಮೇಲೆ ಸ್ವಲ್ಪ ಸಿಟ್ಟಿದೆ. ಗೆರೆ ಎಳೆದ ತಕ್ಷಣ ಪದರ ಅಲ್ಲೇ ಕದಲದೆ ನಿಂತಿದೆ ಅನ್ನಿಸುತ್ತದೆ. ಅಲ್ಲಿ ಯಾವುದೂ ನಿಂತಿಲ್ಲ.

ಹಾಗಾದರೆ ಅವು ಹೇಗೆ ಚಲಿಸುತ್ತವೆ?

ಭೂಮಿ ಒಂದು ದೊಡ್ಡ ಅಯಸ್ಕಾಂತ. ಅದರ ಬಲರೇಖೆಗಳು ದಕ್ಷಿಣಾರ್ಧದಿಂದ ಹೊರಟು, ಆಕಾಶದಲ್ಲಿ ಕಮಾನಾಗಿ ಬಾಗಿ, ಉತ್ತರಾರ್ಧದಲ್ಲಿ ಇಳಿಯುತ್ತವೆ. ವಿದ್ಯುತ್ ಕಣ ಈ ರೇಖೆಯ ಗುಂಟ ಹಿಂದೆ ಮುಂದೆ ಸಲೀಸಾಗಿ ಜಾರಬಹುದು. ರೇಖೆಯನ್ನು ಅಡ್ಡ ದಾಟಲು ಹೋದರೆ ಮಾತ್ರ ಕಾಂತಬಲ ಅದನ್ನು ತಿರುಗಿಸಿಬಿಡುತ್ತದೆ. ಗಾಣದ ಎತ್ತನ್ನು ನೆನಪಿಸಿಕೊಳ್ಳಿ. ನೇರ ಹೆಜ್ಜೆ ಇಡುತ್ತೇನೆ ಎಂದುಕೊಂಡೇ ಅದು ಸುತ್ತು ಹಾಕುತ್ತದೆ. ಮೇಲಿನ ಎಲೆಕ್ಟ್ರಾನು ಸೆಕೆಂಡಿಗೆ ಸುಮಾರು ಹತ್ತು ಲಕ್ಷ ಸುತ್ತು ಹಾಕುತ್ತದೆ. ಅದರ ಸುತ್ತಿನ ತ್ರಿಜ್ಯ ಕೆಲವೇ ಸೆಂಟಿಮೀಟರ್. ಆಮ್ಲಜನಕದ ಅಯಾನು ಭಾರವಾದದ್ದು. ಅದು ಸೆಕೆಂಡಿಗೆ ಮೂವತ್ತು ಚಿಲ್ಲರೆ ಸುತ್ತು ಹಾಕುತ್ತದೆ. ತ್ರಿಜ್ಯ ಕೆಲವು ಮೀಟರ್. ಇನ್ನೊಂದು ವಿಷಯ: ಎರಡೂ ಸುತ್ತುವುದು ಒಂದಕ್ಕೊಂದು ವಿರುದ್ಧ ದಿಕ್ಕಿನಲ್ಲಿ.

ಈಗ ಈ ಸುತ್ತುವ ಕಣವನ್ನು ವಿದ್ಯುತ್ ಕ್ಷೇತ್ರವೊಂದು ಪೂರ್ವಕ್ಕೆ ತಳ್ಳುತ್ತದೆ ಎಂದುಕೊಳ್ಳೋಣ. ಸುತ್ತಿನ ಒಂದು ಭಾಗದಲ್ಲಿ ಕಣ ಹೆಚ್ಚು ವೇಗದಲ್ಲಿರುತ್ತದೆ. ಅಲ್ಲಿ ಅದರ ದಾರಿ ಅಗಲವಾಗುತ್ತದೆ. ಎದುರು ಭಾಗಕ್ಕೆ ಬರುವಷ್ಟರಲ್ಲಿ ವೇಗ ತಗ್ಗಿರುತ್ತದೆ. ಅಲ್ಲಿ ದಾರಿ ಕಿರಿದಾಗುತ್ತದೆ. ಅರ್ಧ ಸುತ್ತು ದೊಡ್ಡದು, ಅರ್ಧ ಸುತ್ತು ಚಿಕ್ಕದು. ಹೀಗಾದಾಗ ಸುತ್ತು ಮುಚ್ಚಿಕೊಳ್ಳುವುದಿಲ್ಲ. ಪ್ರತಿ ಸಲವೂ ಸ್ವಲ್ಪ ಪಕ್ಕಕ್ಕೆ ಸರಿದು ಮುಗಿಯುತ್ತದೆ. ಗಾಣದ ಕಂಬವೇ ನಿಧಾನವಾಗಿ ಜರುಗಿದ ಹಾಗೆ. ಆ ಜರುಗುವ ದಿಕ್ಕು ವಿದ್ಯುತ್ ಕ್ಷೇತ್ರಕ್ಕೂ ಅಡ್ಡ, ಕಾಂತಕ್ಷೇತ್ರಕ್ಕೂ ಅಡ್ಡ.

ಎಲೆಕ್ಟ್ರಾನಿಗೆ ತಳ್ಳು ಬೀಳುವುದು ಅಯಾನಿಗೆ ವಿರುದ್ಧವಾಗಿ. ಅದು ಸುತ್ತುವುದೂ ವಿರುದ್ಧವಾಗಿಯೇ. ಎರಡು ವಿರುದ್ಧಗಳು ಸೇರಿ ಒಂದಾಗುತ್ತವೆ. ಹಾಗಾಗಿ ಡಿಕ್ಕಿಗಳಿಲ್ಲದ ಎತ್ತರದಲ್ಲಿ ಅಯಾನು, ಎಲೆಕ್ಟ್ರಾನು ಎರಡೂ ಒಂದೇ ಕಡೆಗೆ, ಒಂದೇ ವೇಗದಲ್ಲಿ ಸಾಗುತ್ತವೆ. ಇವತ್ತು ನೀವು ಒಂದೇ ಒಂದು ಸಂಗತಿಯನ್ನು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಮುಂದೆ ಹೇಳುವುದೆಲ್ಲ ಇದರಿಂದಲೇ ಹೊರಡುತ್ತದೆ.

ಇದು ಕಾಗದದ ಮೇಲಿನ ಲೆಕ್ಕ ಮಾತ್ರವೇ? ಕಣ್ಣಾರೆ ಕಂಡವರಿದ್ದಾರೆ. 1963ರ ನವೆಂಬರ್ 21ರ ಸಂಜೆ ತಿರುವನಂತಪುರದ ಬಳಿಯ ತುಂಬಾ ಎಂಬ ಮೀನುಗಾರರ ಊರಿನಿಂದ ಒಂದು ಅಮೆರಿಕನ್ ರಾಕೆಟ್ ಹಾರಿತು. ಅದು ಮೇಲೆ ಸೋಡಿಯಂ ಆವಿಯನ್ನು ಬಿಟ್ಟಿತು. ಭಾರತದ ಬಾಹ್ಯಾಕಾಶ ಸಂಶೋಧನೆಯ ಆರಂಭ ಎಂದು ನಾವು ಓದುವುದು ಈ ಉಡಾವಣೆಯನ್ನೇ. ಸೋಡಿಯಂ ಮೋಡ ಸಾಮಾನ್ಯ ಪರಮಾಣುಗಳ ಮೋಡ. ಅದು ಗಾಳಿ ಕರೆದೊಯ್ದ ಕಡೆಗೆ ಹೋಯಿತು. ಆ ಗಾಳಿಯನ್ನು ಅಳೆಯುವುದೇ ಉದ್ದೇಶವಾಗಿತ್ತು. ಮುಂದಿನ ವರ್ಷಗಳಲ್ಲಿ ತುಂಬಾದಿಂದ ಬೇರಿಯಂ ಆವಿಯನ್ನೂ ಬಿಟ್ಟರು. ಬೇರಿಯಂ ಸೂರ್ಯನ ಬೆಳಕು ತಾಗಿದ ಸ್ವಲ್ಪ ಹೊತ್ತಿಗೆ ಎಲೆಕ್ಟ್ರಾನು ಕಳೆದುಕೊಳ್ಳುತ್ತದೆ. ಆಗ ಒಂದೇ ಮೋಡ ಎರಡಾಗುತ್ತದೆ. ಸಾಮಾನ್ಯ ಪರಮಾಣುಗಳ ಹಸಿರು ಮೋಡ ಉಂಡೆಯಾಗಿ ಉಬ್ಬುತ್ತಾ ಗಾಳಿಯ ಜೊತೆ ಹೋಗುತ್ತದೆ. ಅಯಾನುಗಳ ನೇರಳೆ ಮೋಡ ಬಲರೇಖೆಯ ಗುಂಟ ಉದ್ದವಾಗಿ ಎಳೆದುಕೊಂಡು ಬೇರೆ ದಾರಿ ಹಿಡಿಯುತ್ತದೆ. ಹುಟ್ಟಿದ್ದು ಒಂದೇ ಡಬ್ಬಿಯಿಂದ, ಒಂದೇ ಗಳಿಗೆಯಲ್ಲಿ.

ರಾಕೆಟ್ ಹಾರಿಸಲು ತುಂಬಾ ಊರೇ ಏಕೆ ಬೇಕಾಗಿತ್ತು? ವಿಜ್ಞಾನಿ ವಿಕ್ರಮ್ ಸಾರಾಭಾಯಿ ಅವರು ಅಲ್ಲಿನ ಮೀನುಗಾರರ ಚರ್ಚನ್ನು ಕೇಳಿ ಪಡೆದು ಕಚೇರಿ ಮಾಡಿಕೊಂಡ ಕಥೆ ನಿಮಗೆ ಗೊತ್ತಿರಬಹುದು. ಆ ಊರನ್ನೇ ಆರಿಸಲು ಕಾರಣ ಇದು: ಆ ಜಾಗದ ಮೇಲೆ ಕಾಂತ ಸಮಭಾಜಕ ವೃತ್ತ ಹಾದುಹೋಗುತ್ತಿತ್ತು. ಭೂಗೋಳದ ಸಮಭಾಜಕ ವೃತ್ತ ನಮ್ಮಿಂದ ದೂರ, ಸಮುದ್ರದಲ್ಲಿದೆ. ಕಾಂತ ಸಮಭಾಜಕ ಭಾರತದ ದಕ್ಷಿಣ ತುದಿಯನ್ನು ಸವರಿಕೊಂಡು ಹೋಗುತ್ತದೆ. ಅಲ್ಲಿ ಬಲರೇಖೆ ಭೂಮಿಗೆ ಸಮಾನಾಂತರವಾಗಿ ಮಲಗಿರುತ್ತದೆ. ಕಾಂತಸೂಜಿಯನ್ನು ನಡುವಿಗೆ ತೂಗುಹಾಕಿದರೆ ಅದು ಯಾವ ಕಡೆಗೂ ಬಾಗುವುದಿಲ್ಲ.

ಇಲ್ಲಿಯವರೆಗಿನ ಮಾತು ಎರಡು. ವಿದ್ಯುತ್ ಕಣ ಬಲರೇಖೆಯನ್ನು ಸುತ್ತುತ್ತದೆ, ತಳ್ಳಿದಾಗ ಅಡ್ಡಕ್ಕೆ ಸರಿಯುತ್ತದೆ. ದಕ್ಷಿಣ ಭಾರತದ ತುದಿಯಲ್ಲಿ ಆ ಬಲರೇಖೆ ಉತ್ತರಕ್ಕೆ ಮುಖಮಾಡಿ ಮಲಗಿದೆ. ಇನ್ನು, ಇವನ್ನು ತಳ್ಳುವವರು ಯಾರು ಅನ್ನುವ ಪ್ರಶ್ನೆ.

ಇದರ ಸುಳಿವು ರೇಡಿಯೋ ಹುಟ್ಟುವ ಮೊದಲೇ ಸಿಕ್ಕಿತ್ತು. 1722ರಲ್ಲಿ ಲಂಡನ್ನಿನ ಗಡಿಯಾರ ತಯಾರಕ ಜಾರ್ಜ್ ಗ್ರಹಾಂ ದಿಕ್ಸೂಚಿಯ ಮುಳ್ಳು ದಿನವೂ ಒಂದಿಷ್ಟು ಆಚೀಚೆ ಆಡುವುದನ್ನು ಗಮನಿಸಿದ. ನಮ್ಮ ಪಕ್ಕದ ತಿರುವಾಂಕೂರಿನಲ್ಲಿ ಜಾನ್ ಅಲನ್ ಬ್ರೌನ್ ಎಂಬ ವಿಜ್ಞಾನಿ 1850ರ ದಶಕದಿಂದ ವರ್ಷಗಟ್ಟಲೆ ಇದೇ ಮುಳ್ಳಿನ ಆಟವನ್ನು ಬರೆದಿಟ್ಟ. ತಿರುವನಂತಪುರದ ವೀಕ್ಷಣಾಲಯ ಸಾಲದೆ ಅಗಸ್ತ್ಯಮಲೆಯ ನೆತ್ತಿಯ ಮೇಲೂ ಒಂದು ವೀಕ್ಷಣಾಲಯ ಕಟ್ಟಿಸಿದ. ಕಾಡು ಹತ್ತಿ, ಮಳೆಯಲ್ಲಿ ನೆನೆದು, ಕಣ್ಣಿಗೆ ಕಾಣದಷ್ಟು ಸಣ್ಣ ಅಲುಗಾಟವನ್ನು ಅಳೆಯುವುದು! ಅಂಥ ಹಟದ ಜನ ಇದ್ದರು. ಕಡೆಗೆ 1882ರಲ್ಲಿ ಸ್ಕಾಟ್ಲೆಂಡಿನ ಬಾಲ್ಫರ್ ಸ್ಟೂವರ್ಟ್ ಕಾರಣವನ್ನು ಊಹಿಸಿದ. ಮೇಲಿನ ಗಾಳಿಯಲ್ಲಿ ವಿದ್ಯುತ್ ಹರಿಯುತ್ತಿರಬೇಕು, ಅದೇ ಮುಳ್ಳನ್ನು ಅಲುಗಿಸುತ್ತಿರಬೇಕು ಎಂದ. ಮಾರ್ಕೋನಿ ಅಟ್ಲಾಂಟಿಕ್ ಸಾಗರದಾಚೆ ರೇಡಿಯೋ ಸಂಕೇತ ಹಿಡಿದದ್ದು 1901ರಲ್ಲಿ. ಸ್ಟೂವರ್ಟ್ ಅದಕ್ಕೂ ಹತ್ತೊಂಬತ್ತು ವರ್ಷ ಮುಂದಿದ್ದ.

ಊಹೆ ಸರಿಯಾಗಿತ್ತು. ಬಿಸಿಲಿಗೆ ಕಾಯುವ ವಾತಾವರಣ ದಿನವೂ ಉಬ್ಬಿ ಇಳಿಯುತ್ತದೆ. ಅದರಿಂದ ನೂರು ಕಿಲೋಮೀಟರ್ ಎತ್ತರದಲ್ಲಿ ಬಲವಾದ ಗಾಳಿ ಏಳುತ್ತದೆ. ಅಲ್ಲಿ ಅಯಾನಿನ ಪಾಡು ಬೇರೆ, ಎಲೆಕ್ಟ್ರಾನಿನ ಪಾಡು ಬೇರೆ. ಅಯಾನು ಒಂದು ಸುತ್ತು ಮುಗಿಸುವ ಮೊದಲೇ ಗಾಳಿಯ ಅಣುಗಳಿಗೆ ನೂರಾರು ಸಲ ಡಿಕ್ಕಿ ಹೊಡೆಯುತ್ತದೆ. ಅದಕ್ಕೆ ಸುತ್ತಲು ಬಿಡುವೇ ಇಲ್ಲ. ಗಾಳಿ ಎಳೆದತ್ತ ಹೋಗುತ್ತದೆ. ಎಲೆಕ್ಟ್ರಾನು ಹಗುರ, ಚುರುಕು. ಎರಡು ಡಿಕ್ಕಿಗಳ ನಡುವೆ ಇಪ್ಪತ್ತು ಸುತ್ತು ಮುಗಿಸಿರುತ್ತದೆ. ಅದು ಬಲರೇಖೆಯನ್ನು ಬಿಡುವುದಿಲ್ಲ. ಹೀಗೆ ಧನ ಒಂದು ಕಡೆ, ಋಣ ಒಂದು ಕಡೆ ಅಗಲಿದರೆ ವಿದ್ಯುತ್ ಕ್ಷೇತ್ರ ಹುಟ್ಟುತ್ತದೆ. ಭೂಮಿಯ ಹಗಲಿನ ಭಾಗದಲ್ಲಿ ಬೆಳಗಿನ ಅಂಚು ಧನ, ಸಂಜೆಯ ಅಂಚು ಋಣ. ಪರಿಣಾಮವಾಗಿ ಹಗಲೆಲ್ಲ ಪೂರ್ವಾಭಿಮುಖವಾದ ಕ್ಷೇತ್ರ.

ತಳ್ಳು ಪೂರ್ವಕ್ಕೆ, ಬಲರೇಖೆ ಉತ್ತರಕ್ಕೆ. ಎರಡಕ್ಕೂ ಅಡ್ಡವಾದ ದಿಕ್ಕು ಮೇಲಕ್ಕೆ. ಇದನ್ನಿಟ್ಟುಕೊಂಡು ಒಂದು ದಿನವನ್ನು ನೋಡೋಣ.

ಮೊದಲು ನಡುಹಗಲು, ನೂರು ಕಿಲೋಮೀಟರ್ ಎತ್ತರ. ಎಲೆಕ್ಟ್ರಾನು ಮೇಲಕ್ಕೆ ಸರಿಯುತ್ತದೆ. ಅಯಾನು ಡಿಕ್ಕಿಗಳಲ್ಲಿ ಸಿಕ್ಕಿಕೊಂಡು ಹಿಂದೆ ಉಳಿಯುತ್ತದೆ. ಆ ಪದರದ ಮೇಲೂ ಕೆಳಗೂ ವಿದ್ಯುತ್ ಹಾಗೆ ಹರಿದುಹೋಗಲು ದಾರಿಯಿಲ್ಲ. ಹಾಗಾಗಿ ಮೇಲೆ ಋಣ, ಕೆಳಗೆ ಧನ ಜಮಾ ಆಗುತ್ತದೆ. ಈಗ ಹೊಸದಾಗಿ ಒಂದು ಲಂಬ ಕ್ಷೇತ್ರ ಹುಟ್ಟಿತು. ಮೂಲ ಕ್ಷೇತ್ರಕ್ಕಿಂತ ಎಷ್ಟೋ ಪಟ್ಟು ಬಲವಾದದ್ದು. ಅದು ಎಲೆಕ್ಟ್ರಾನನ್ನು ಮತ್ತೆ ಅಡ್ಡಕ್ಕೆ, ಅಂದರೆ ಪಶ್ಚಿಮಕ್ಕೆ ಓಡಿಸುತ್ತದೆ. ಸೆಕೆಂಡಿಗೆ ನೂರಾರು ಮೀಟರ್ ವೇಗ. ಎಲೆಕ್ಟ್ರಾನು ಪಶ್ಚಿಮಕ್ಕೆ ಓಡಿದರೆ ವಿದ್ಯುತ್ ಪ್ರವಾಹ ಪೂರ್ವಕ್ಕೆ ಹರಿದಂತೆ ಲೆಕ್ಕ. ಇದಕ್ಕೆ ಸಮಭಾಜಕ ವಿದ್ಯುತ್ ಹೊನಲು ಎನ್ನಬಹುದು. ಇದಕ್ಕೆ ಎಲೆಕ್ಟ್ರೋಜೆಟ್ ಎಂಬ ಹೆಸರು ಕೊಟ್ಟವನು ವಿಜ್ಞಾನಿ ಸಿಡ್ನಿ ಚಾಪ್‌ಮನ್, 1951ರಲ್ಲಿ. ಕೆಲವು ನೂರು ಕಿಲೋಮೀಟರ್ ಅಗಲದ ಪಟ್ಟಿಯಲ್ಲಿ ಹತ್ತಾರು ಸಾವಿರ ಆಂಪಿಯರ್ ಹರಿಯುತ್ತದೆ. ಪೆರು ದೇಶದ ಹುವಾಂಕಾಯೊ ವೀಕ್ಷಣಾಲಯ 1922ರಲ್ಲಿ ಶುರುವಾದಾಗ, ನಡುಹಗಲಲ್ಲಿ ಅಲ್ಲಿನ ಕಾಂತಬಲ ಬೇರೆ ಊರುಗಳಿಗಿಂತ ಎರಡು ಪಟ್ಟಿಗೂ ಹೆಚ್ಚು ಏರುವುದು ಕಂಡು ಅಚ್ಚರಿಪಟ್ಟಿದ್ದರು. ಕೊಡೈಕನಾಲಿನ ಯಂತ್ರಗಳೂ ಹಾಗೇ ಹೇಳಿದವು. ಮುಂದೆ ತುಂಬಾದ ರಾಕೆಟ್ಟುಗಳು ಕಾಂತಮಾಪಕ ಹೊತ್ತು ಆ ಹೊನಲಿನೊಳಗೇ ಹಾದುಹೋಗಿ ಬಂದವು.

ಎರಡನೆಯದು ಮಧ್ಯಾಹ್ನ. ಸ್ವಲ್ಪ ಮೇಲೆ, ಮುನ್ನೂರು ಕಿಲೋಮೀಟರಿಗೆ ಬನ್ನಿ. ಅದೇ ಪೂರ್ವದ ತಳ್ಳು, ಅದೇ ಉತ್ತರದ ಬಲರೇಖೆ. ಇಲ್ಲಿ ಡಿಕ್ಕಿಗಳು ಅಪರೂಪ. ಅಯಾನು, ಎಲೆಕ್ಟ್ರಾನು ಜೊತೆಯಾಗಿ ಏರತೊಡಗುತ್ತವೆ. ಸೆಕೆಂಡಿಗೆ ಸುಮಾರು ಇಪ್ಪತ್ತು ಮೀಟರ್. ಹೆದ್ದಾರಿಯ ಬಸ್ಸಿನ ವೇಗ. ಮೂರು ಗಂಟೆಯಲ್ಲಿ ಇನ್ನೂರು ಕಿಲೋಮೀಟರ್ ಏರಿಬಿಡುತ್ತವೆ. ಅಷ್ಟು ಎತ್ತರದಲ್ಲಿ ಅಯಾನು ಎಲೆಕ್ಟ್ರಾನನ್ನು ಮರಳಿ ಕೂಡಿಕೊಳ್ಳಲು ತಾಸುಗಟ್ಟಲೆ ಬೇಕು. ಹಾಗಾಗಿ ದಾರಿಯಲ್ಲಿ ಬಹುಪಾಲು ಉಳಿಯುತ್ತವೆ. ಏಳುನೂರು ಕಿಲೋಮೀಟರ್ ಮುಟ್ಟಿದ ಮೇಲೆ ಗುರುತ್ವ ಎಳೆಯುತ್ತದೆ, ಒತ್ತಡ ನೂಕುತ್ತದೆ. ನೇರ ಕೆಳಗೆ ಬೀಳಲು ಬಲರೇಖೆ ಬಿಡುವುದಿಲ್ಲ. ಉಳಿದ ದಾರಿ ಒಂದೇ. ಬಲರೇಖೆಯ ಕಮಾನಿನ ಗುಂಟ, ಉತ್ತರಕ್ಕೆ ಅರ್ಧ, ದಕ್ಷಿಣಕ್ಕೆ ಅರ್ಧ ಜಾರುವುದು.

ಏಳುನೂರು ಕಿಲೋಮೀಟರ್ ಎತ್ತರದ ಕಮಾನು ಮತ್ತೆ ಮುನ್ನೂರು ಕಿಲೋಮೀಟರಿಗೆ ಇಳಿಯುವುದು ಎಲ್ಲಿ? ಕಾಂತ ಸಮಭಾಜಕದಿಂದ ಸುಮಾರು 14 ಡಿಗ್ರಿ ಆಚೆ. ಅಂದರೆ ಸರಿಸುಮಾರು ಒಂದೂವರೆ ಸಾವಿರ ಕಿಲೋಮೀಟರ್. ಭೂಪಟದಲ್ಲಿ ತುಂಬಾದಿಂದ ಉತ್ತರಕ್ಕೆ ಅಷ್ಟು ಅಳೆದುಕೊಳ್ಳಿ. ಅಹಮದಾಬಾದ್, ಭೋಪಾಲ್, ಕೋಲ್ಕತ್ತದ ಸಾಲಿಗೆ ಬರುತ್ತೀರಿ. ದಕ್ಷಿಣದ ಪಾಲು ಹಿಂದೂ ಮಹಾಸಾಗರದ ಮೇಲೆ ಇಳಿಯುತ್ತದೆ. ವಿಜ್ಞಾನಿಗಳು ಇದನ್ನು ಸಮಭಾಜಕ ಕಾರಂಜಿ ಎನ್ನುತ್ತಾರೆ. ಸೂರ್ಯ ನೆತ್ತಿಯ ಮೇಲಿರುವ ಕಡೆ ಎಲೆಕ್ಟ್ರಾನುಗಳು ಹೆಚ್ಚಿರಬೇಕು ಎಂದು ಯಾರಾದರೂ ನಿರೀಕ್ಷಿಸುತ್ತಾರೆ. ವಾಸ್ತವದಲ್ಲಿ ಕಾಂತ ಸಮಭಾಜಕದ ಮೇಲೆ ತಗ್ಗು, ಎರಡೂ ಬದಿಗೆ ದಿಬ್ಬ.

1946ರಲ್ಲಿ ಇಂಗ್ಲೆಂಡಿನ ಎಡ್ವರ್ಡ್ ಆ್ಯಪಲ್ಟನ್ ಈ ದಿಬ್ಬ ತಗ್ಗುಗಳನ್ನು ಜಗತ್ತಿನ ಗಮನಕ್ಕೆ ತಂದರು. ಅದೇ ವರ್ಷ ಕಲ್ಕತ್ತೆಯ ಶಿಶಿರ್ ಕುಮಾರ್ ಮಿತ್ರ ಕಾರಣದ ಅರ್ಧ ಭಾಗವನ್ನು ಸೂಚಿಸಿದರು: ಸಮಭಾಜಕದ ಮೇಲೆ ಎತ್ತರದಲ್ಲಿ ಹುಟ್ಟಿದ ಕಣಗಳು ಬಲರೇಖೆಯ ಗುಂಟ ಇಳಿದು ಬರುತ್ತವೆ ಎಂದು. ಅವುಗಳನ್ನು ಮೇಲಕ್ಕೆ ಎತ್ತುವ ಅಡ್ಡ ಚಲನೆಯನ್ನು ಮರುವರ್ಷ ಆಸ್ಟ್ರೇಲಿಯಾದ ಮಾರ್ಟಿನ್ ಸೇರಿಸಿದರು. ಆ್ಯಪಲ್ಟನ್ ಹೆಸರು ಉಳಿಯಿತು, ಮಿತ್ರರ ಹೆಸರು ನಮ್ಮಲ್ಲೇ ಅಷ್ಟಾಗಿ ಕೇಳಿಬರುವುದಿಲ್ಲ. ಅವರು ಕುಳಿತು ಕೆಲಸ ಮಾಡುತ್ತಿದ್ದ ಕಲ್ಕತ್ತೆ ಈ ಉತ್ತರದ ದಿಬ್ಬದ ಅಡಿಯಲ್ಲೇ ಇದೆ.

ಕರ್ನಾಟಕ ಇದರಲ್ಲಿ ಎಲ್ಲಿ ಬರುತ್ತದೆ? ತಗ್ಗಿನಿಂದ ದಿಬ್ಬಕ್ಕೆ ಏರುವ ಇಳಿಜಾರಿನ ಮೇಲೆ. ಮೈಸೂರು, ಬೆಂಗಳೂರು ಕಾರಂಜಿಯ ಬುಡಕ್ಕೆ ಹತ್ತಿರ. ಬೀದರ್ ದಿಬ್ಬದ ಕಡೆಗೆ ವಾಲಿದೆ.

ಹಗಲಿನ ಕಥೆ ಇಷ್ಟು. ಕೆಳಗೆ ಪೂರ್ವಕ್ಕೆ ಹರಿಯುವ ಹೊನಲು, ಮೇಲೆ ಚಿಮ್ಮುವ ಕಾರಂಜಿ. ಎರಡಕ್ಕೂ ಒಂದೇ ತಳ್ಳು. ಇನ್ನು ಸಂಜೆ. ನನ್ನ ಮಟ್ಟಿಗೆ ಅತ್ಯಂತ ಕುತೂಹಲದ ಹೊತ್ತು ಇದು.

ಸೂರ್ಯ ಮುಳುಗಿದ ಮೇಲೆ ಕಾರಂಜಿ ಹಾಗೆಯೇ ನಿಲ್ಲುವುದಿಲ್ಲ. ನಿಲ್ಲುವ ಮೊದಲು ಒಮ್ಮೆ ಜೋರಾಗಿ ಏರುತ್ತದೆ. ಕೆಲವು ಸಂಜೆ ಹಗಲಿನ ಎರಡು ಪಟ್ಟು ವೇಗ. ಆಮೇಲೆ ಕ್ಷೇತ್ರ ಪಶ್ಚಿಮಕ್ಕೆ ತಿರುಗಿ ಕಣಗಳು ಇಳಿಯತೊಡಗುತ್ತವೆ. ಅಷ್ಟರಲ್ಲಿ ಕೆಳಗಿನ ಪದರಗಳಲ್ಲಿ ಅಯಾನು ಎಲೆಕ್ಟ್ರಾನುಗಳು ಮತ್ತೆ ಕೂಡಿ ಖಾಲಿಯಾಗಿರುತ್ತವೆ. ಹೀಗಾಗಿ ಮೇಲೆ ದಟ್ಟ, ಕೆಳಗೆ ಬರಿದು. ಇದು ನಿಲ್ಲದ ಸ್ಥಿತಿ. ದಟ್ಟ ಪದರದ ಅಡಿಭಾಗದಲ್ಲಿ ಎಲ್ಲೋ ಒಂದು ಸಣ್ಣ ಗುಳಿ ಇದೆ ಎಂದುಕೊಳ್ಳಿ. ಗುರುತ್ವ ಅಯಾನುಗಳನ್ನು ಕೆಳಕ್ಕೆ ಎಳೆಯುತ್ತದೆ. ಅವು ಮಾತ್ರ ಅಡ್ಡಕ್ಕೆ, ಪೂರ್ವಕ್ಕೆ ಸರಿಯುತ್ತವೆ. ಗುಳಿಯ ಒಂದು ಗೋಡೆಯಲ್ಲಿ ಧನ, ಇನ್ನೊಂದರಲ್ಲಿ ಋಣ ಸೇರುತ್ತದೆ. ಗುಳಿಯೊಳಗೇ ಒಂದು ಪುಟ್ಟ ಕ್ಷೇತ್ರ ಹುಟ್ಟುತ್ತದೆ, ಪೂರ್ವಾಭಿಮುಖವಾಗಿ. ಪೂರ್ವದ ತಳ್ಳು ಎಂದರೆ ಏನಾಗುತ್ತದೆ ಎಂಬುದು ನಿಮಗೆ ಈಗ ಗೊತ್ತು. ಗುಳಿ ಮೇಲಕ್ಕೆ ಹೊರಡುತ್ತದೆ. ಏರಿದಷ್ಟೂ ಬೆಳೆಯುತ್ತದೆ. ಎಳೆದದ್ದು ಕೆಳಕ್ಕೆ, ಸರಿದದ್ದು ಪಕ್ಕಕ್ಕೆ, ಫಲ ಮೇಲಕ್ಕೆ!

ಅಯಾನು ಎಲೆಕ್ಟ್ರಾನುಗಳ ಬೆರಕೆಗೆ ಪ್ಲಾಸ್ಮಾ ಎಂದು ಹೆಸರು. ಹೀಗೆ ಏರುವ ಗುಳಿಗಳೇ ಪ್ಲಾಸ್ಮಾ ಗುಳ್ಳೆಗಳು. ಸಾವಿರ ಕಿಲೋಮೀಟರಿನವರೆಗೂ ಏರಬಲ್ಲವು. ಬಲರೇಖೆಯ ಗುಂಟ ಉತ್ತರ ದಕ್ಷಿಣಕ್ಕೆ ಸಾವಿರಾರು ಕಿಲೋಮೀಟರ್ ಚಾಚುತ್ತವೆ. ಪೂರ್ವ ಪಶ್ಚಿಮದಲ್ಲಿ ಅವುಗಳ ಅಗಲ ಹತ್ತಾರು ಕಿಲೋಮೀಟರ್ ಮಾತ್ರ. ಸೆಕೆಂಡಿಗೆ ನೂರು ಮೀಟರಿನಂತೆ ಪೂರ್ವಕ್ಕೆ ತೇಲುತ್ತವೆ. ಒಳಗೆ ಎಲೆಕ್ಟ್ರಾನು ಬಹಳ ಕಡಿಮೆ, ಅಂಚೆಲ್ಲ ಒರಟು. ಈ ಗುಳ್ಳೆಗಳ ಕುರುಹನ್ನು 1938ರಲ್ಲಿ ಬುಕರ್ ಮತ್ತು ವೆಲ್ಸ್ ಎಂಬವರು ಹುವಾಂಕಾಯೊದಲ್ಲೇ ಮೊದಲು ಗುರುತಿಸಿದರು. ಮೇಲಕ್ಕೆ ಕಳಿಸಿದ ರೇಡಿಯೋ ಸಂಕೇತ ಒಂದು ಚೂಪು ಗೆರೆಯಾಗಿ ಮರಳುವ ಬದಲು ಕದಡಿ ಹರಡಿಕೊಂಡು ಬರುತ್ತಿತ್ತು. ಶಾರ್ಟ್ ವೇವ್ ಕೇಳುವ ಹವ್ಯಾಸ ಇದ್ದವರಿಗೆ ಇದರ ಅನುಭವ ಇದ್ದೀತು. ರಾತ್ರಿ ಎಂಟರ ಬಳಿಕ ದೂರದ ಕೇಂದ್ರದ ದನಿ ಕೆಲವು ದಿನ ಗಡಗಡ ನಡುಗುತ್ತಿತ್ತು. ಸೆಟ್ಟು ಕೆಟ್ಟಿದೆ ಎಂದು ಅದರ ಬೆನ್ನಿಗೆ ಗುದ್ದಿದವರೂ ಇದ್ದಾರೆ. ನೀವು ಈಗ ನನ್ನನ್ನು ಎಫ್‌ಎಂನಲ್ಲಿ ಕೇಳುತ್ತಿದ್ದರೆ ಆ ಚಿಂತೆ ಇಲ್ಲ. ಆ ಅಲೆ ಅಯಾನುಗೋಳದವರೆಗೆ ಹೋಗಿ ಮರಳಬೇಕಾಗಿಲ್ಲ.

ಧ್ರುವಪ್ರಭೆಯ ಚಿತ್ರಗಳನ್ನು ಎಲ್ಲರೂ ನೋಡಿದ್ದೇವೆ. 2024ರ ಮೇ ತಿಂಗಳ ಸೌರಬಿರುಗಾಳಿಯಲ್ಲಿ ಲಡಾಖಿನ ಹಾನ್ಲೆಯ ಕ್ಯಾಮೆರಾಗಳೂ ಕೆಂಪು ಬೆಳಕನ್ನು ಹಿಡಿದವು. ಬೆಂಗಳೂರಿನ ಭಾರತೀಯ ಖಭೌತವಿಜ್ಞಾನ ಸಂಸ್ಥೆ ನಡೆಸುವ ವೀಕ್ಷಣಾಲಯ ಅದು. ಧ್ರುವಕ್ಕೆ ಸಿಕ್ಕ ಪ್ರಚಾರ ಸಮಭಾಜಕಕ್ಕೆ ಸಿಗಲಿಲ್ಲ. ಇಲ್ಲಿನ ಗುಳ್ಳೆಗಳು ಬರಿಗಣ್ಣಿಗೆ ಕಾಣುವುದಿಲ್ಲ, ಅಷ್ಟೇ. ಕೆಲಸದಲ್ಲಿ ಅವುಗಳ ಕಾಟ ಕಡಿಮೆಯೇನಲ್ಲ.

ಕಾಟ ಯಾರಿಗೆ? ಉಪಗ್ರಹ ನೋಡಿ ದಾರಿ ಹಿಡಿಯುವವರಿಗೆ. ಜಿಪಿಎಸ್ ಸಂಕೇತ ಎಲೆಕ್ಟ್ರಾನುಗಳ ನಡುವೆ ಹಾದುಬರುವಾಗ ತುಸು ತಡವಾಗುತ್ತದೆ. ಆ ತಡವನ್ನು ಲೆಕ್ಕ ಹಿಡಿಯದಿದ್ದರೆ ನಿಮ್ಮ ಜಾಗ ಕೆಲವು ಮೀಟರಿನಿಂದ ಹತ್ತಾರು ಮೀಟರಿನವರೆಗೆ ತಪ್ಪುತ್ತದೆ. ಊಟ ತಂದುಕೊಡುವ ಹುಡುಗನಿಗೆ ಅಷ್ಟು ತಪ್ಪಾದರೆ ಪಕ್ಕದ ಮನೆ. ಇಳಿಯುತ್ತಿರುವ ವಿಮಾನಕ್ಕೆ ಅದು ಸಲ್ಲದು. ಅಮೆರಿಕದಲ್ಲಿ ಈ ತಡವನ್ನು ತಿದ್ದುವ ವ್ಯವಸ್ಥೆ ಮೊದಲೇ ಇತ್ತು. ಆದರೆ ಅಲ್ಲಿನ ಆಕಾಶದಲ್ಲಿ ಈ ಕಾರಂಜಿ ಇಲ್ಲ. ಅಲ್ಲಿನ ಗಣಿತವನ್ನು ಹಾಗೇ ತಂದರೆ ನಮ್ಮ ಕಡಿದಾದ ದಿಬ್ಬ ತಗ್ಗಿಗೆ ಹೊಂದುವುದಿಲ್ಲ. ಇಸ್ರೋ ಮತ್ತು ವಿಮಾನ ನಿಲ್ದಾಣ ಪ್ರಾಧಿಕಾರ ಸೇರಿ ಕಟ್ಟಿದ ಗಗನ್ ವ್ಯವಸ್ಥೆಗೆ ಅಯಾನುಗೋಳವನ್ನು ಹಲವು ಪದರಗಳಾಗಿ ಲೆಕ್ಕ ಹಾಕುವ ಬೇರೆಯೇ ವಿಧಾನ ರೂಪಿಸಬೇಕಾಯಿತು. ಅದರ ಮುಖ್ಯ ನಿಯಂತ್ರಣ ಕೇಂದ್ರ ಬೆಂಗಳೂರಿನಲ್ಲಿದೆ. 2022ರ ಏಪ್ರಿಲ್‌ನಲ್ಲಿ ಇಂಡಿಗೋದ ವಿಮಾನವೊಂದು ಪ್ರಾಯೋಗಿಕ ಹಾರಾಟದಲ್ಲಿ ಗಗನ್ ಮಾರ್ಗದರ್ಶನದಿಂದ ರಾಜಸ್ಥಾನದ ಕಿಶನ್‌ಗಢದಲ್ಲಿ ಇಳಿಯಿತು. ದಾರಿ ತೋರುವ ನಮ್ಮದೇ ನಾವಿಕ್ ಉಪಗ್ರಹಗಳು ಸುಮಾರು 2,500 ಮೆಗಾಹರ್ಟ್ಸ್‌ನಲ್ಲೂ ಸಂಕೇತ ಕಳಿಸುತ್ತವೆ. ಕಂಪನಾಂಕ ಹೆಚ್ಚಿದಷ್ಟೂ ಎಲೆಕ್ಟ್ರಾನುಗಳಿಂದಾಗುವ ತಡ ಕಡಿಮೆ. ಎರಡು ಕಂಪನಾಂಕಗಳ ತಡವನ್ನು ಹೋಲಿಸಿ ನಡುವೆ ಎಷ್ಟು ಎಲೆಕ್ಟ್ರಾನು ಇದೆ ಎಂದು ಲೆಕ್ಕವನ್ನೂ ಹಾಕಬಹುದು.

ತಡವನ್ನು ತಿದ್ದಬಹುದು. ಗುಳ್ಳೆಯ ಒರಟು ಅಂಚಿನಲ್ಲಿ ಸಿಕ್ಕ ಸಂಕೇತವನ್ನು ತಿದ್ದುವುದು ಕಷ್ಟ. ನಕ್ಷತ್ರ ಮಿನುಗಿದಂತೆ ಅದು ಮಿನುಗುತ್ತದೆ. ಕೆಲವೊಮ್ಮೆ ಕ್ಷಣಕಾಲ ತಪ್ಪಿಯೇ ಹೋಗುತ್ತದೆ. ನಮ್ಮ ಕಡೆ ಇದು ಹೆಚ್ಚು ಕಾಡುವುದು ಹಗಲು ರಾತ್ರಿ ಸಮವಾಗುವ ಮಾರ್ಚ್ ಮತ್ತು ಸೆಪ್ಟೆಂಬರಿನ ಆಸುಪಾಸಿನಲ್ಲಿ. ಸೂರ್ಯನ ಮೇಲೆ ಕಲೆಗಳು ಹೆಚ್ಚಾದ ವರ್ಷಗಳಲ್ಲಿ ಇನ್ನೂ ಹೆಚ್ಚು. ಋತುವನ್ನು ಹೀಗೆ ಹೇಳಬಹುದು. ದಿನವನ್ನು ಹೇಳುವುದು ಈಗಲೂ ಆಗದ ಕೆಲಸ. ನಿನ್ನೆ ಗುಳ್ಳೆ ಎದ್ದಿತು, ಇವತ್ತು ಎಲ್ಲ ಹಾಗೇ ಇದ್ದೂ ಏಳಲಿಲ್ಲ ಅನ್ನುವುದು ಇಲ್ಲಿ ಮಾಮೂಲು. ಸಂಜೆ ಪದರ ಎಷ್ಟು ವೇಗವಾಗಿ ಏರಿತು ಎಂಬುದು ಒಂದು ಸುಳಿವು. ಸೆಕೆಂಡಿಗೆ ನಲವತ್ತು ಮೀಟರ್ ದಾಟಿದರೆ ಗುಳ್ಳೆ ಏಳುವ ಸಂಭವ ಹೆಚ್ಚು. ಆ ಮೊದಲ ಗುಳಿಯನ್ನು ಮೂಡಿಸುವವರು ಯಾರು? ಕೆಳಗಿನ ಮಳೆಮೋಡಗಳಿಂದ ಎದ್ದು ಮೇಲಕ್ಕೆ ಹೋಗುವ ಗಾಳಿಯ ಅಲೆಗಳು ಎಂದು ಹಲವರ ವಾದ. ಹೌದಾದರೆ, ಬಂಗಾಳಕೊಲ್ಲಿಯ ಮೇಲೆ ಕಟ್ಟಿದ ಒಂದು ಗುಡುಗುಮೋಡ ಮುನ್ನೂರು ಕಿಲೋಮೀಟರ್ ಎತ್ತರದ ಎಲೆಕ್ಟ್ರಾನಿನ ದಾರಿಯನ್ನು ತಿರುಗಿಸಬಲ್ಲದು.